ಪೂರ್ವದ್ವಾರ, ಪಶ್ಚಿಮದ್ವಾರ

ನಮ್ಮ ಮನೆಯ ಗಾಜಿನ ಬೀರುವಿನಲ್ಲಿ ಒಂದು ಇಟ್ಟಿಗೆ ಇದೆ. ಬೇರೆಯವರು ಪಿಂಗಾಣಿ ಗೊಂಬೆ, ಬೆಳ್ಳಿ ಲೋಟ ಇಡುವ ಜಾಗದಲ್ಲಿ ನಮ್ಮದು ಇಟ್ಟಿಗೆ. ಅದರ ಧೂಳು ಒರೆಸುವ ಅಧಿಕಾರ ಅಪ್ಪನಿಗೆ ಮಾತ್ರ.

ಅಪ್ಪ ವಿದೇಶಾಂಗ ಇಲಾಖೆಯಲ್ಲಿದ್ದವರು. ಹಲವು ದೇಶಗಳಲ್ಲಿ ರಾಯಭಾರಿಯಾಗಿ, ಕೊನೆಗೆ ಇಲಾಖೆಯ ಕಾರ್ಯದರ್ಶಿಯಾಗಿ ನಿವೃತ್ತರಾದರು. ಒಮ್ಮೆ ಎರಡು ದೇಶಗಳ ಮಂತ್ರಿಗಳು ಮಾತುಕತೆಯ ಕೋಣೆಗೆ ಮೊದಲು ಯಾರು ಕಾಲಿಡಬೇಕು ಎಂದು ಪಟ್ಟು ಹಿಡಿದು ಹೊರಗೇ ಕೂತರಂತೆ. ಮೊದಲು ಹೋದವನು ಇನ್ನೊಬ್ಬನಿಗೆ ಕಾಯಬೇಕು, ಕಾದವನು ಸೋತ ಹಾಗೆ. ಅಪ್ಪ ಗೋಡೆ ಒಡೆಸಿ ಇನ್ನೊಂದು ಬಾಗಿಲು ಇಡಿಸಿದರು. ಗಂಟೆ ಬಾರಿಸಿದ ಕೂಡಲೇ ಇಬ್ಬರೂ ಎರಡು ಕಡೆಯಿಂದ ಒಳಬಂದು ಕೈಕುಲುಕಿದರು. ಗಡಿಯ ಜಗಳ ಬಗೆಹರಿಯಿತು. ಆ ಗೋಡೆಯದ್ದೇ ಈ ಇಟ್ಟಿಗೆ. ಈ ಕಥೆಯನ್ನು ನಮ್ಮ ಮನೆಗೆ ಹಾಲು ಹಾಕುವವನೂ ಒಂದಕ್ಷರ ಬಿಡದೆ ಹೇಳಬಲ್ಲ.

ಗಡಿ ಜಗಳ ಬಿಡಿಸಿದ ಮಹಾನುಭಾವರೇ ನಮ್ಮ ಮನೆಯಲ್ಲಿ ಜಗಳ ಹಚ್ಚಿದ್ದು. ಚಿಕ್ಕಮ್ಮನ ಮದುವೆಯಲ್ಲಿ ಅತಿಥಿಗಳನ್ನು ಕೂರಿಸುವ ಕೆಲಸವನ್ನು ಯಾರೂ ಕೇಳದಿದ್ದರೂ ಮೈಮೇಲೆ ಹಾಕಿಕೊಂಡು, ಎಲ್ಲರನ್ನೂ ಹುದ್ದೆಯ ಪ್ರಕಾರ ಕೂರಿಸಿದರು. ಮದುಮಗನ ತಂದೆ ಶಾಲಾ ಮೇಷ್ಟ್ರು. ಅಪ್ಪನ ಲೆಕ್ಕದಲ್ಲಿ ಅವರಿಗೆ ಐದನೇ ಸಾಲು, ಯಾವುದೋ ರಾಯಭಾರ ಕಚೇರಿಯ ಕಿರಿಯ ಅಧಿಕಾರಿಯ ಬೆನ್ನ ಹಿಂದೆ. ಪಾಪ, ಮಗನ ಮದುವೆಯನ್ನು ಅವರು ಕತ್ತು ಉದ್ದ ಮಾಡಿಕೊಂಡು ನೋಡಿದರು. ಚಿಕ್ಕಮ್ಮ ಉರಿದುಬಿದ್ದಳು. ಅಮ್ಮ ತಪ್ಪಾಯಿತು ಅಂದಿದ್ದರೆ ಮುಗಿಯುತ್ತಿತ್ತು. "ಅವರಿಗೆ ಗೊತ್ತಿಲ್ಲದ ನಿಯಮಾನಾ?" ಅಂದುಬಿಟ್ಟಳು. ಅಂದಿನಿಂದ ಅಕ್ಕ ತಂಗಿ ಒಂದೇ ಊರಿನಲ್ಲಿದ್ದೂ ಮಾತು ಬಿಟ್ಟರು.

ಈಗ ಅಮ್ಮನ ಕಣ್ಣಿಗೆ ಆಪರೇಷನ್. ಎಡಗಣ್ಣು ಆಗಲೇ ಪೂರ್ತಿ ಮಂಜು. ಬಲಗಣ್ಣಿನ ದೃಷ್ಟಿಯೂ ಉಳಿಯುತ್ತದೆಂದು ಭರವಸೆ ಕೊಡಲಾರೆ ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು.

"ಅದಕ್ಕೆ ಮುಂಚೆ ಅವಳ ಮುಖ ಒಂದ್ಸಲ ನೋಡ್ಬೇಕು," ಅಂದಳು ಅಮ್ಮ. "ಆದ್ರೆ ನಾನಾಗಿ ಹೋಗಲ್ಲ."

ಚಿಕ್ಕಮ್ಮನಿಗೆ ಫೋನ್ ಮಾಡಿ ಹೇಳಿದೆ. "ನಂಗೂ ನೋಡ್ಬೇಕು ಕಣೇ," ಅಂದಳು. "ಆದ್ರೆ ನಾನಾಗಿ ಬರಲ್ಲ."

ಇದನ್ನು ಕೇಳಿ ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಅಪ್ಪ ಮಾತ್ರ ಬೀರುವಿನ ಕಡೆ ನೋಡಿದರು. ನಿವೃತ್ತಿಯಾದ ಮೇಲೆ ಅವರ ಮುಖದಲ್ಲಿ ಅಂಥ ಕಳೆ ನಾನು ಕಂಡಿರಲಿಲ್ಲ.

ಯೋಜನೆ ಇಷ್ಟು. ಶನಿವಾರ ನಾಲ್ಕು ಗಂಟೆಗೆ ಅಮ್ಮ ಮನೆಯಲ್ಲಿ ಇರಕೂಡದು. ಅಪ್ಪ ಗಂಟೆ ಬಾರಿಸಿದಾಗ ಚಿಕ್ಕಮ್ಮ ಮುಂಬಾಗಿಲಿಂದ, ಅಮ್ಮ ಹಿಂಬಾಗಿಲಿಂದ ಒಟ್ಟಿಗೆ ಹಾಲಿಗೆ ಬರಬೇಕು. ಯಾರೂ ಯಾರ ಮನೆಗೂ ಹೋದ ಹಾಗಾಗುವುದಿಲ್ಲ.

"ನನ್ನ ಮನೆಗೆ ನಾನು ಹಿಂಬಾಗಿಲಿಂದ ಬರ್ಬೇಕಾ?" ಅಂದಳು ಅಮ್ಮ.

"ಹಿಂಬಾಗಿಲು ಅನ್ನೋ ಪದಾನೇ ಬಳಸೋದು ಬೇಡ," ಅಂದರು ಅಪ್ಪ. "ಅದು ಪೂರ್ವದ್ವಾರ. ಇದು ಪಶ್ಚಿಮದ್ವಾರ. ಎರಡಕ್ಕೂ ಸಮಾನ ಗೌರವ."

"ರೀ, ನಿಮ್ಮ ಪೂರ್ವದ್ವಾರದಲ್ಲಿ ಗ್ಯಾಸ್ ಸಿಲಿಂಡರ್ ಇದೆ."

ಸಿಲಿಂಡರ್ ಸರಿಯಿತು. ಪೊರಕೆ, ಬಕೆಟ್ಟು ನನ್ನ ಕೋಣೆಗೆ ಬಂದವು. ಹಿಂಬಾಗಿಲಿಗೂ ಒಂದು ಕೆಂಪು ಕಾಲೊರಸು ಬಂತು, ಎರಡೂ ಕಡೆ ಒಂದೇ ಎತ್ತರದ ಹೂಕುಂಡ ಬಂತು. ಅಪ್ಪ ಟೇಪು ಹಿಡಿದು ಎರಡೂ ಬಾಗಿಲಿಂದ ಸೋಫಾಗೆ ಇರುವ ದೂರ ಅಳೆದು, ಸೋಫಾವನ್ನು ದಾರಿಗೆ ಅಡ್ಡವಾಗಿ ಎಳೆದರು. ಎರಡು ದಿನ ನಾವು ಅದನ್ನು ದಾಟಿಕೊಂಡೇ ಓಡಾಡಿದೆವು.

ಶನಿವಾರ ಅಮ್ಮ ಇಸ್ತ್ರಿ ಸೀರೆಯುಟ್ಟು ಹಿತ್ತಲಿನಲ್ಲಿ ಬಟ್ಟೆ ಒಣಹಾಕುವ ತಂತಿಯ ಕೆಳಗೆ ನಿಂತಳು, ಪಕ್ಕದಲ್ಲಿ ನಾನು. ಅಪ್ಪ ಸೂಟು ಹಾಕಿ, ಮೇಜಿನ ಗಂಟೆ ಹಿಡಿದು ಹಾಲಿನ ನಟ್ಟನಡುವೆ ನಿಂತರು. ಎಲ್ಲದಕ್ಕೂ ಲೆಕ್ಕ ಹಾಕಿದ್ದವರು ಒಂದನ್ನು ಮರೆತಿದ್ದರು. ಚಿಕ್ಕಮ್ಮ ಎಲ್ಲಿಗೆ ಹೋದರೂ ಬೇಗ ಹೋಗುವವಳು.

ಮುಂಬಾಗಿಲು ತಟ್ಟಿದ ಸದ್ದು ನಮಗೆ ಹಿತ್ತಲಿಗೇ ಕೇಳಿಸಿತು. "ಭಾವ, ನಾನು."

"ಇನ್ನೂ ಸಮಯ ಆಗಿಲ್ಲಮ್ಮ," ಅಂದರು ಅಪ್ಪ, ಬಾಗಿಲು ತೆಗೆಯದೆ. "ದಯವಿಟ್ಟು ಸಹಕರಿಸಬೇಕು."

ಅಮ್ಮ ನನ್ನ ಕೈ ಹಿಡಿದಳು. "ಆ ಕಡೆ ಬಿಸಿಲು ಅಲ್ವೇನೇ? ಅವಳಿಗೆ ಬಿಸಿಲು ಬಿದ್ರೆ ತಲೆನೋವು ಬರತ್ತೆ."

"ಅಮ್ಮ, ಗಂಟೆ ಇನ್ನೂ..."

"ಗಂಟೆಗಿಷ್ಟು ಬೆಂಕಿ ಹಾಕ." ಗೋಡೆ ಸವರಿಕೊಂಡು, ಮನೆಯ ಪಕ್ಕದ ಓಣಿಯಲ್ಲಿ ಅವಳು ನಡೆದ ವೇಗಕ್ಕೆ ನಾನೇ ಹಿಂದೆ ಬಿದ್ದೆ.

ಚಿಕ್ಕಮ್ಮ ಮೆಟ್ಟಿಲ ಮೇಲೆ ಸೆರಗಿನಿಂದ ತಲೆ ಮುಚ್ಚಿಕೊಂಡು ಕೂತಿದ್ದಳು. ಅಮ್ಮ ಅವಳ ಮುಖದ ಹತ್ತಿರಕ್ಕೆ ತನ್ನ ಮುಖ ತಂದು, ಬಲಗಣ್ಣು ಕಿರಿದು ಮಾಡಿ ನೋಡಿದಳು. ನೋಡುತ್ತಲೇ ಇದ್ದಳು.

"ದಪ್ಪ ಆಗಿದೀಯ," ಅಂದಳು.

"ನಿನ್ನ ಕಣ್ಣೇ ಸರಿಯಿಲ್ಲ ಅಕ್ಕ," ಅಂದಳು ಚಿಕ್ಕಮ್ಮ. ಅನ್ನುತ್ತಲೇ ಅಳತೊಡಗಿದಳು. ಇಬ್ಬರೂ ಒಂದೇ ಮೆಟ್ಟಿಲಿನಲ್ಲಿ ಒತ್ತಿಕೊಂಡು ಕೂತರು. ನಾನೂ ಅತ್ತುಬಿಟ್ಟೆ, ಅದರಲ್ಲಿ ನಾಚಿಕೆಯೇನೂ ಇಲ್ಲ.

ಆಗ ಒಳಗೆ ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ. ಸ್ವಲ್ಪ ತಡೆದು ಮತ್ತೊಮ್ಮೆ, ಈ ಸಲ ತುಸು ಅನುಮಾನದಿಂದ, ಹೊಡೆಯಿತು. ಅಕ್ಕ ತಂಗಿ ಬಾಯಿಗೆ ಸೆರಗು ತುರುಕಿಕೊಂಡು ನಕ್ಕರು. ಮೂರನೇ ಸಲಕ್ಕೆ ಸೆರಗೂ ಸಾಲಲಿಲ್ಲ.

ಬಾಗಿಲು ತೆರೆಯಿತು. ಅಪ್ಪ ಗಂಟೆ ಹಿಡಿದು ನಿಂತಿದ್ದರು.

"ಭಾವ, ಒಳಗೆ ಬರ್ಬಹುದಾ?" ಅಂದಳು ಚಿಕ್ಕಮ್ಮ ಕಣ್ಣೊರೆಸಿಕೊಳ್ಳುತ್ತಾ. "ನಮ್ಮಾವನಿಗೆ ಐದನೇ ಸಾಲು. ನಂಗೆ ಯಾವುದು?"

ನಮ್ಮ ಮುಂಬಾಗಿಲು ಗಾಳಿಗೆ ಬಡಿದುಕೊಂಡು ತಾನಾಗಿಯೇ ಬೀಗ ಬೀಳುವ ಜಾತಿಯದು; ಆಗಲೂ ತೂಗತೊಡಗಿತ್ತು. ಅಪ್ಪ ಒಳಗೆ ಹೋಗಿ ಬೀರು ತೆಗೆದು, ಇಟ್ಟಿಗೆ ತಂದು ಬಾಗಿಲಿಗೆ ಒತ್ತುಕೊಟ್ಟರು. ಕೈಗಂಟಿದ ಧೂಳನ್ನು ಸೂಟಿಗೇ ಒರೆಸಿಕೊಂಡರು.

ಅಕ್ಕ ತಂಗಿ ಕೈಹಿಡಿದುಕೊಂಡು ಒಳಗೆ ಹೋಗಿ ಸೋಫಾದಲ್ಲಿ ಕೂತರು. ಯಾರ ಕಾಲು ಮೊದಲು ಹೊಸ್ತಿಲು ದಾಟಿತೋ ನಾನು ನೋಡಲಿಲ್ಲ. ಅಪ್ಪ ಎಲ್ಲರಿಗಿಂತ ಹಿಂದೆ, ಬಾಗಿಲ ಮೂಲೆಯಲ್ಲಿ ಚಪ್ಪಲಿ ಹಾಕಿಕೊಳ್ಳಲು ಇಟ್ಟಿರುವ ಗಿಡ್ಡ ಸ್ಟೂಲಿನ ಮೇಲೆ ಸೂಟು ಮಡಚಿಕೊಂಡು ಕೂತರು.

"ಅಲ್ಯಾಕೆ ಭಾವ? ಇಲ್ಲಿ ಬನ್ನಿ," ಅಂದಳು ಚಿಕ್ಕಮ್ಮ.

"ಇರ್ಲಮ್ಮ," ಅಂದರು ಅಪ್ಪ. "ನಂದು ಐದನೇ ಸಾಲು." ಅಲ್ಲಿಂದ ಸರಿಯಾಗಿ ಕಾಣದೆ, ಕತ್ತು ಉದ್ದ ಮಾಡಿಕೊಂಡು ಅವರಿಬ್ಬರನ್ನು ನೋಡಿದರು.