ಕಡೆಯ ನಂಬರು ಅನಸವ್ವನದು

ಬನಹಟ್ಟಿಯ ನೇಕಾರರ ಸಂಘಕ್ಕೆ ನೂಲು ಬಂತೆಂದರೆ ಅನಸವ್ವನ ಫೋನಿಗೆ ಪುರುಸೊತ್ತೇ ಇರುತ್ತಿರಲಿಲ್ಲ. "ಇಂದ್ರವ್ವ ಅವರೇ, ನೂಲು ಬಂದಿದೆ," "ಕಲ್ಮೇಶ ಅವರೇ, ನೂಲು ಬಂದಿದೆ" ಎಂದು ಕಂಪ್ಯೂಟರಿನ ದನಿ ಸದಸ್ಯರನ್ನು ಒಬ್ಬೊಬ್ಬರಾಗಿ ಕರೆಯುತ್ತಿತ್ತು. ಕರೆಗಳೆಲ್ಲ ಬರುತ್ತಿದ್ದದ್ದು ಮಾತ್ರ ಅನಸವ್ವನೊಬ್ಬಳಿಗೇ. ಗಂಡ ತೀರಿಕೊಂಡ ಮೇಲೆ ಸಂಘ ಸೇರಿದ ಅವಳ ನಂಬರು ಸಂಘದ ಪಟ್ಟಿಯಲ್ಲಿ ಎಲ್ಲರಿಗಿಂತ ಕೊನೆಗಿತ್ತು.

ಬೇರೆ ಯಾರಾದರೂ ಆಗಿದ್ದರೆ ಸಂಘಕ್ಕೆ ಹೋಗಿ ಜಗಳ ತೆಗೆಯುತ್ತಿದ್ದರು. ಅನಸವ್ವ ಹಾಗೆ ಮಾಡದೆ ಚಪ್ಪಲಿ ಮೆಟ್ಟಿಕೊಂಡು ಮನೆಮನೆಗೆ ಸುದ್ದಿ ಮುಟ್ಟಿಸಿದಳು. ಹೋದಲ್ಲೆಲ್ಲ ಮಗ್ಗ ನಿಲ್ಲಿಸಿ, "ಬಾ ಬೇ, ಕುಂದ್ರ, ಚಾ ಕುಡಿ" ಎನ್ನುತ್ತಿದ್ದರು. ಒಂಟಿ ಜೀವ, ಮಾತಿಗೆ ಹಸಿದಿತ್ತು. ಸಂಘವೇ ಇವಳನ್ನು ಕಳಿಸುತ್ತದೆಂದು ಓಣಿಯವರು ತಿಳಿದರು. ಎಲ್ಲರೂ ಬಂದು ನೂಲು ಒಯ್ಯುತ್ತಿದ್ದರಿಂದ ಫೋನು ಸರಿಯಾಗಿಯೇ ಹೋಗುತ್ತಿದೆಯೆಂದು ಸಂಘದವರು ತಿಳಿದರು.

ಒಂದು ದಿನ, ಸಂಘದ ಕಂಪ್ಯೂಟರಿಗೆ ಈ ಫೋನು ಮಾಡುವ ಪ್ರೋಗ್ರಾಮ್ ಬರೆದ ಹುಡುಗಿ ಶೈಲಾ, ಜಮಖಂಡಿಯಿಂದ ಗಾಬರಿಯಾಗಿ ಅವಳ ಮನೆಗೇ ಬಂದಳು.

"ತಪ್ಪ ನಂದ ಐತ್ರಿ ಅವ್ವಾರ. ಎಲ್ಲಾರ ಫೋನೂ ನಿಮಗ ಬಂದಿದ್ದು ಹಳೇ ಲೆಕ್ಕಾ ನೋಡಿದಾಗ ಗೊತ್ತಾತು. ಪ್ರೋಗ್ರಾಮ್ ಬರಿಯೂ ಭಾಷಾದ ಹಳೇ ವರ್ಷನ್‌ದಾಗ ಎಲ್ಲಾರ ನಂಬರಿಗೂ ಒಂದ ಡಬ್ಬಿ. ಒಬ್ಬರದ ತಗದ ಇನ್ನೊಬ್ಬರದ ಹಾಕ್ಕೋತ ಹೋಗ್ತಿತ್ತು. ಫೋನ್ ಹಚ್ಚೂ ಹೊತ್ತಿಗೆ ಅದರಾಗ ಕಡೀ ನಂಬರಷ್ಟ ಉಳೀತಿತ್ತು, ನಿಮ್ಮದು. ಹೊಸಾ ವರ್ಷನ್‌ದಾಗ ನಿಯಮಾನ ಬದಲ ಮಾಡ್ಯಾರ, ಒಬ್ಬೊಬ್ಬರಿಗೂ ಬ್ಯಾರೆ ಬ್ಯಾರೆ ಡಬ್ಬಿ. ನಾ ವರ್ಷನ್ ಬದಲಿಸಿದ್ದಷ್ಟ, ತಾನ ಸರಿ ಆತು. ಇನ್ನ ನಿಮಗ ತ್ರಾಸಿಲ್ರಿ."

"ತ್ರಾಸ ಯಾರಿಗಿತ್ತವ್ವಾ?" ಎಂದಳು ಅನಸವ್ವ. "ಹಳೇದನ್ನ ಇಡಾಕ ಬರೂದಿಲ್ಲೇನು?"

ತಮಾಷೆಯೆಂದುಕೊಂಡು ಶೈಲಾ ನಕ್ಕಳು. ಬಸ್ಸಿಗೆ ಹೊತ್ತಾಯಿತೆಂದು ಹೊರಟೂ ಹೋದಳು.

ಮುಂದೆ ನೂಲು ಬಂದಾಗ ಫೋನು ಒಂದೇ ಸಲ ಹೊಡೆದುಕೊಂಡಿತು. ಆದರೂ ಅನಸವ್ವ ಇಂದ್ರವ್ವನ ಬಾಗಿಲಿಗೆ ಹೋದಳು.

"ನನಗೂ ಫೋನ್ ಬಂತ ಬೇ," ಎಂದಳು ಇಂದ್ರವ್ವ, ಮಗ್ಗ ನಿಲ್ಲಿಸದೆ.

ಅನಸವ್ವ ಮುಂದಿನ ಮನೆಗೆ ಹೋಗದೆ ಹಿಂದಿರುಗಿದಳು. ದುಃಖ ಉಕ್ಕಿ ಬಂತು. ಇಷ್ಟು ದಿನ ಬಾ ಎಂದದ್ದು ತನ್ನನ್ನಲ್ಲ, ತಾನು ತಂದ ಸುದ್ದಿಯನ್ನು.

ಅದರ ಮುಂದಿನ ಸಲ ನೂಲಿನ ಲಾರಿ ಓಣಿಯ ತಿರುವಿನಲ್ಲಿ ಕಂಡ ಕೂಡಲೇ ಅವಳು ಫೋನು ಆಫ್ ಮಾಡಿ ಗೂಡಿನಲ್ಲಿಟ್ಟಳು. ತನಗೆ ಫೋನು ಹತ್ತದಿದ್ದರೆ ಯಾರಾದರೂ ಬಂದು ಹೇಳಲೇಬೇಕಲ್ಲ! ಚಹಾಕ್ಕೆ ಎರಡು ಕಪ್ಪು ನೀರಿಟ್ಟು, ಬಾಗಿಲು ತೆರೆದು, ಕಟ್ಟೆಯ ಮೇಲೆ ಕುಳಿತಳು.

ಓಣಿಯವರು ನೂಲಿನ ಗಂಟು ಹೊತ್ತು ಅವಳ ಮುಂದೆಯೇ ಹಾದುಹೋದರು. ಅವಳಿಗೂ ಫೋನು ಬಂದೇ ಇರುತ್ತದೆಂದು ಯಾರೂ ಏನೂ ಹೇಳಲಿಲ್ಲ. ಒಳಗೆ ಒಲೆಯ ಮೇಲಿನ ನೀರು ಅರ್ಧಕ್ಕಿಳಿದಿತ್ತು. ಅನಸವ್ವ ಎದ್ದುಹೋಗಿ ಇನ್ನೊಂದು ಕಪ್ಪು ಸುರಿದು ಬಂದಳು.