ತೂತು ಸಾಲದ ಮೀನು

ಬರ್ಚ್ ಸರೋವರದ ದಂಡೆಯವರು ಮರಿ ಟ್ರೌಟ್ ಮೀನನ್ನು ಮನೆಗೆ ಒಯ್ಯುತ್ತಿರಲಿಲ್ಲ. ಗಾಳದಿಂದ ಬಿಡಿಸಿ, ಕೂಸನ್ನು ತೊಟ್ಟಿಲಿಗೆ ಹಾಕುವಂತೆ ನೀರಿಗೇ ಬಿಡುತ್ತಿದ್ದರು. ಬಿಟ್ಟು ಬಿಟ್ಟು ಸರೋವರದ ತುಂಬ ಮೀನೇ ಮೀನು. ಎಲ್ಲಕ್ಕೂ ದಪ್ಪ ತಲೆ, ಸೊರಗಿದ ಮೈ. ಆಲ್ಬನ್ ತಿಬೊಡೊನ ಹೆಂಡತಿ ಒರೆಲಿ ಮದುವೆಯ ಹೊಸತರಲ್ಲಿ ಹಿಡಿದ ತೊಡೆಗಾತ್ರದ ಟ್ರೌಟೊಂದು ಮಾತ್ರ, ಒಳಗೆ ಹೊಟ್ಟು ತುಂಬಿಸಿಕೊಂಡು, ಮೀನುಗಾರರ ಸಂಘದ ಗೋಡೆಯ ಮೇಲಿಂದ ಎಲ್ಲರನ್ನೂ ಅಣಕಿಸುತ್ತಿತ್ತು.

ಅದನ್ನು ಸೀಳಿದವನು ಆಲ್ಬನ್‌ನೇ. ಹೊಟ್ಟೆಯಲ್ಲಿ ಬೆರಳುದ್ದದ ಸ್ಮೆಲ್ಟ್ ಮೀನುಗಳು ಇಡಿಕಿರಿದಿದ್ದವು. ಈಗಿನವುಗಳ ಹೊಟ್ಟೆಯಲ್ಲಿ ಬರೀ ಹುಳ.

"ಉಣ್ಣೋ ಬಾಯಿ ಜಾಸ್ತಿಯಾಗಿವೆ ಕಣೋ. ಮರಿಗಳನ್ನ ನಾವು ತಿನ್ನೋಣ, ಉಳಿದವು ಬೆಳೀತವೆ," ಎಂದು ಆಲ್ಬನ್ ಸಂಘದ ಯಜಮಾನ ಮರ್ಡಾಕ್‌ಗೆ ಹೇಳಿದ.

"ಕರು ಕೊಂದು ಹಾಲು ಕರೀತೀಯಾ? ಆಗ್ಲಿ, ಐದು ಚಳಿಗಾಲ ನೋಡ್ತೀನಿ. ಒರೆಲಿ ಮೀನಿನಂಥದು ಬರ್ಲಿಲ್ಲ ಅಂದ್ರೆ ನಿನ್ನ ಗುಡಿಸ್ಲು ಮತ್ತೆ ಮಂಜುಗಡ್ಡೆ ಮೇಲೆ ಇಳೀಬಾರ್ದು."

ಹೆಪ್ಪುಗಟ್ಟಿದ ಸರೋವರದ ಮೇಲೆ ಎಳೆದು ನಿಲ್ಲಿಸಿ, ಒಳಗೆ ಕೂತು ಗಡ್ಡೆಗೆ ತೂತು ಕೊರೆದು ಗಾಳ ಇಳಿಸುವ ಆ ಗುಡಿಸಲು ಆಲ್ಬನ್‌ಗೆ ಅಪ್ಪ ಕಟ್ಟಿಕೊಟ್ಟದ್ದು. ಅದಿಲ್ಲದ ಚಳಿಗಾಲವನ್ನು ಅವನು ಕಂಡವನಲ್ಲ. ಆದರೂ "ಹೂಂ" ಎಂದ.

ಒರೆಲಿ ಮರಿಗಳನ್ನು ಜೋಳದ ಹಿಟ್ಟಿನಲ್ಲಿ ಹೊರಳಿಸಿ, ಹಂದಿಯ ಕೊಬ್ಬಿನಲ್ಲಿ ಕರಿದು, ಚರ್ಚಿನ ಶನಿವಾರದ ಊಟಕ್ಕೆ ಒಯ್ದಳು. ಮೊದಲು ಯಾರೂ ಮುಟ್ಟಲಿಲ್ಲ. ಪಾದ್ರಿಯ ಹೆಂಡತಿ ದಾಕ್ಷಿಣ್ಯಕ್ಕೆ ಒಂದು ತಿಂದವಳು, ತಟ್ಟೆ ಹಿಡಿದು ಮತ್ತೆ ಬಂದಳು. ಆಮೇಲೆ ಊರಿಗೆ ಊರೇ ಮರಿ ಹಿಡಿಯತೊಡಗಿತು.

ವರ್ಷಗಳು ಸರಿದವು. ಒಂದು ವಸಂತದಲ್ಲಿ ಹಳ್ಳದ ಬಾಯಲ್ಲಿ ಸ್ಮೆಲ್ಟ್ ಮೀನು ಬೆಳ್ಳಿ ಸುರಿದಂತೆ ಮಿನುಗಿತು. ದೊಡ್ಡ ಟ್ರೌಟ್ ಮಾತ್ರ ಕಾಣಲಿಲ್ಲ. ಐದನೆಯ ಚಳಿಗಾಲವೂ ಮುಗಿಯುತ್ತ ಬಂತು. "ಗುಡಿಸ್ಲು ಎಳೆಯೋಕೆ ಕುದುರೆ ಕಳಿಸ್ಲಾ?" ಎಂದು ಮರ್ಡಾಕ್ ದಿನಾ ಕೂಗುತ್ತಿದ್ದ.

ಒಂದು ಬೆಳಿಗ್ಗೆ ಅವನ ಕೂಗೇ ಬೇರೆಯಾಗಿತ್ತು. "ಆಲ್ಬನ್! ಬಾರೋ, ಬೇಗ ಬಾರೋ!"

ಮರ್ಡಾಕ್ ಮಂಜುಗಡ್ಡೆಯಲ್ಲಿ ಕೊರೆದ ತೂತಿನ ಕೆಳಗೆ, ಅವನ ಗಾಳ ಕಚ್ಚಿದ ಒಂದು ಮೂತಿ ಬಂದು ಬಡಿಯಿತು, ಮೇಲೆ ಬರಲೊಲ್ಲದು. ಸಣ್ಣ ಮೀನಿಗೆ ಒಗ್ಗಿದ ಊರು ವರ್ಷಗಳಿಂದ ಸಣ್ಣ ತೂತನ್ನೇ ಕೊರೆಯುತ್ತಿತ್ತು.

"ದಾರ ಬಿಗಿ ಹಿಡೀಬೇಡ, ಈಜೋಕೆ ಬಿಡು!" ಎನ್ನುತ್ತ ಆಲ್ಬನ್ ಅಪ್ಪನ ಕಾಲದ ಹಾರೆ ಹೊತ್ತು ಓಡಿ ಬಂದ. ದಾರದಿಂದ ದೂರ, ಆಚೆ ಅಂಚಿನಲ್ಲಿ ಕುಟ್ಟಿದ. ಗಡ್ಡೆ ಚೂರು ಚೂರಾಗಿ ಹಾರಿತು. ಇಬ್ಬರು ಮುದುಕರೂ ಹೊಟ್ಟೆಯ ಮೇಲೆ ಬಿದ್ದು, ಕೈ ಇಳಿಸಿ, ಮೀನನ್ನು ತಬ್ಬಿ ಎಳೆದರು. ಅದರ ಬಾಯಿಂದ ಇನ್ನೂ ನುಂಗದ ಸ್ಮೆಲ್ಟಿನ ಬಾಲ ಇಣುಕುತ್ತಿತ್ತು.

ಕೂಗು ಕೇಳಿ ಒರೆಲಿಯೂ ಊರವರೂ ದಂಡೆಗೆ ಬಂದು ಸೇರಿದರು. ಗೋಡೆಯ ಮೀನಿಗಿಂತ ಇದು ಒಂದು ಗೇಣು ಉದ್ದ.

"ಗೋಡೆ ಮೇಲೆ ಎಲ್ಲಿ ಹಾಕೋಣ, ಒರೆಲಿ?" ಮರ್ಡಾಕ್‌ನ ದನಿ ಮೆತ್ತಗಾಗಿತ್ತು.

"ನನ್ನದರ ಪಕ್ಕಕ್ಕೆ ಹಾಕು. ಪಾಪ, ಇಷ್ಟು ವರ್ಷ ಒಂಟಿಯಾಗಿತ್ತು. ಕುದುರೆ ಎಲ್ಲಪ್ಪಾ, ಕಳಿಸ್ತೀನಿ ಅಂದಿದ್ದೆ?"

ದಂಡೆಯೆಲ್ಲ ಘೊಳ್ಳೆಂದಿತು. ಮರ್ಡಾಕ್ ಎಲ್ಲರಿಗಿಂತ ಜೋರಾಗಿ ನಕ್ಕ.

ಆಲ್ಬನ್ ಮಾತ್ರ ಹಾರೆ ಹೆಗಲಿಗೇರಿಸಿ ಸರಸರ ತನ್ನ ಗುಡಿಸಲಿಗೆ ನಡೆದ. ಅವನ ತೂತೂ ಸಣ್ಣದೇ ಇತ್ತು.