ಬಾಡಿಗೆಯಿಲ್ಲದ ಅಂಗಡಿ

ಅಂಗಡಿ ಇಟ್ಟೇ ವ್ಯಾಪಾರ ಕಲಿಯಬೇಕು ಎಂಬುದು ನಮ್ಮ ಮಿಜೊಗುಚಿ ಮೇಷ್ಟ್ರ ಹಟ. ಅವರು ಜನ್ಮದಲ್ಲಿ ಒಂದು ಬೆಂಕಿಪೊಟ್ಟಣವನ್ನೂ ಮಾರಿದವರಲ್ಲ. ಜಪಾನಿನ ತೊಯಾಮಾದ ನಮ್ಮ ಸಣ್ಣ ಊರಿನಲ್ಲಿ, ರೈಲು ನಿಲ್ದಾಣದೆದುರಿನ ಅಂಗಡಿಬೀದಿಯಲ್ಲಿ ಖಾಲಿ ಬಿದ್ದಿದ್ದ ಮಳಿಗೆಯನ್ನು ವರ್ತಕರ ಸಂಘ ಶಾಲೆಗೆ ಪುಕ್ಕಟೆ ಕೊಟ್ಟಿತು. ಎಣ್ಣೆ, ಆಲೂಗೆಡ್ಡೆ ಶಾಲೆಯ ಖರ್ಚು. ದುಡಿಯುವವರು ವಾಣಿಜ್ಯ ತರಗತಿಯ ನಾವು, ಬಿಟ್ಟಿಯಾಗಿ. ನನ್ನನ್ನು ಮ್ಯಾನೇಜರ್ ಮಾಡಿದರು.

ಅದೇ ಬೀದಿಯಲ್ಲಿ, ಕೂಗಳತೆಯಲ್ಲಿ, ಅಮ್ಮ ಕೊರೊಕ್ಕೆ ಮಾರುತ್ತಿದ್ದಳು. ಆಲೂಗೆಡ್ಡೆ ಹಿಸುಕಿ, ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿದದ್ದು. ನಮ್ಮಿಬ್ಬರ ಅನ್ನ ಅದರಿಂದಲೇ. ನಮ್ಮ ಮಳಿಗೆಯಲ್ಲೂ ಕೊರೊಕ್ಕೆಯನ್ನೇ ಮಾರುವುದೆಂದು ಗೊತ್ತುಮಾಡಿ ಮೇಷ್ಟ್ರು ಅವಳನ್ನೇ ಕೇಳಿದರು, "ಮಕ್ಕಳಿಗೆ ಸ್ವಲ್ಪ ಹೇಳ್ಕೊಡ್ತೀರಾ?" ಶಾಲೆಯವರು ಕೇಳಿದರೆ ಇಲ್ಲ ಎನ್ನುವ ರೂಢಿ ನಮ್ಮ ಬೀದಿಯಲ್ಲಿಲ್ಲ. ಅಮ್ಮ ಬಂದು, ಎಣ್ಣೆಯ ಸದ್ದು ಕೇಳಿ ಯಾವಾಗ ತೆಗೆಯಬೇಕೆಂಬುದನ್ನೂ ಕಲಿಸಿಕೊಟ್ಟಳು.

ಜನ ಮುಗಿಬಿದ್ದರು. ಅಮ್ಮನ ಹಳೆಯ ಗಿರಾಕಿ, ಅಕ್ಕಿ ಅಂಗಡಿಯ ಅಜ್ಜಿಯೂ ನಮ್ಮ ಸಾಲಿನಲ್ಲಿ ನಿಂತಿದ್ದಳು.

"ಏನಜ್ಜಿ, ಇಲ್ಲಿ?"

"ಮಕ್ಳನ್ನ ಕೈಬಿಡೋಕಾಗತ್ತೇನೇ ಚಿಹಾರು? ನಿಮ್ಮಮ್ಮನ ಅಂಗ್ಡಿ ಎಲ್ಲಿಗೆ ಹೋಗತ್ತೆ?"

ನನಗೆ ಮೈಯೆಲ್ಲ ಉರಿಯಿತು. ಆದರೂ ನಗುತ್ತ ಪೊಟ್ಟಣ ಕೊಟ್ಟೆ.

ಸಂಜೆ ಮೇಷ್ಟ್ರ ಹತ್ತಿರ ಹೋದೆ. "ಸರ್, ಬೇರೇನಾದ್ರೂ ಮಾರೋಣ."

"ಓಡ್ತಿರೋ ಮಾಲು ಯಾಕಮ್ಮ ಬಿಡ್ಬೇಕು? ಪೈಪೋಟಿಗೆ ಹೆದರೋರು ವ್ಯಾಪಾರಕ್ಕಿಳೀಬಾರ್ದು."

"ಪೈಪೋಟಿ ನಮ್ಮಮ್ಮನ ಜೊತೆ ಸರ್. ಅವಳು ಬಾಡಿಗೆ ಕಟ್ತಾಳೆ, ನಾವು ಕಟ್ಟಲ್ಲ."

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ಅವರೇನೂ ಅಂದಿಲ್ವಲ್ಲ?"

ಮನೆಗೆ ಬಂದು ಹೇಳಿದರೆ ಅಮ್ಮ ನನ್ನ ಮೇಲೇ ಸಿಡುಕಿದಳು.

"ಬಾಯ್ಮುಚ್ಕೊಂಡು ಮಾಡು. ನಾಳೆ ಕೆಲಸಕ್ಕೆ ಅಂತ ಕಂಪನಿಗೆ ನಿನ್ನ ಹೆಸರು ಕಳ್ಸೋದು ಅದೇ ಮೇಷ್ಟ್ರು. ಮಕ್ಳ ಮೇಲೆ ದೂರು ಹೇಳಿದ್ಲು ಅಂತಾದ್ರೆ ನಾನು ಈ ಬೀದೀಲಿ ತಲೆ ಎತ್ಕೊಂಡು ತಿರುಗೋಕಾಗತ್ತಾ?"

ನಾನು ಚೆನ್ನಾಗಿ ಮಾರಿದರೆ ಅಮ್ಮ ಮುಳುಗುತ್ತಾಳೆ, ಮಾರದಿದ್ದರೆ ನಾನು. ಯಾವ ಪಾಠದಲ್ಲೂ ಇದಕ್ಕೆ ಉತ್ತರವಿರಲಿಲ್ಲ. ನಾನು ಮಾರುತ್ತಲೇ ಹೋದೆ. ಹಿಮ ಕರಗುವ ಮೊದಲೇ ಅಮ್ಮ ಅಂಗಡಿಯ ಬಾಗಿಲು ಎಳೆದಳು.

ವರ್ಷದ ಕೊನೆಯ ಸಮಾರಂಭದಲ್ಲಿ ಮೇಷ್ಟ್ರು ಉಬ್ಬಿಹೋಗಿದ್ದರು. "ಬರೋ ವರ್ಷ ಎರಡನೇ ಅಂಗಡಿ! ಚಿಹಾರು ತಾಯಿಯವರ ಮಳಿಗೆಯೇ ನಮಗೆ ಸಿಕ್ಕಿದೆ. ಕರಿಯೋದನ್ನ ಅವರೇ ಬಂದು ಕಲಿಸ್ತಾರೆ, ಒಂದು ಕಾಸೂ ತಗೊಳ್ದೆ."

ಚಪ್ಪಾಳೆ ಬಿತ್ತು. ಮೈಕು ನನ್ನ ಕೈಗೆ ಬಂತು. ಮುಂದಿನ ಸಾಲಿನಲ್ಲಿದ್ದ ಅಮ್ಮನಿಗೆ, ಎಲ್ಲ ವಿದ್ಯಾರ್ಥಿಗಳ ಪರವಾಗಿ ನಡು ಬಗ್ಗಿಸಿ ವಂದನೆ ಹೇಳಿದೆ. ಅಮ್ಮ ಎದ್ದು, ನನಗಿಂತ ಕೆಳಗೆ ಬಗ್ಗಿದಳು.